ಮೂರು ವಿಭಾಗಕ್ಕೆ ಒಂದೇ ಕೇಸ್ ಸಾಫ್ಟ್‌ವೇರ್: ನಾವು ಬಿದ್ದ ಗುಂಡಿಗೆ ನೀವು ಬೀಳಬೇಡಿ

ನಿಮ್ಮ ಕಂಪನಿಯಲ್ಲೂ ಎಲ್ಲ ವಿಭಾಗಗಳ ದೂರುಗಳನ್ನು ಒಂದೇ ಸಾಫ್ಟ್‌ವೇರಿಗೆ ತರುವ ಮಾತು ನಡೆಯುತ್ತಿದೆಯಾ? ಹಾಗಾದರೆ ಕೆಲಸ ಶುರು ಮಾಡುವ ಮೊದಲು ಇದನ್ನೊಮ್ಮೆ ಓದಿ. ಕಂಪನಿಯ ಹೆಸರು ಹೇಳುವುದಿಲ್ಲ. ಸೆಟಪ್ ಮಾಡಿಕೊಟ್ಟವರ ಹೆಸರೂ ಬೇಡ. ತಪ್ಪಿನಲ್ಲಿ ನನ್ನ ಪಾಲೂ ಇದೆ, ದೊಡ್ಡದೇ ಇದೆ.

ನಮ್ಮದು ಪಂಪು, ಮೋಟರು ಮಾಡುವ ಕಂಪನಿ. ಫ್ಯಾಕ್ಟರಿ ಮತ್ತು ಸರ್ವಿಸ್ ಪೀಣ್ಯದಲ್ಲಿ. ಡೀಲರುಗಳ, ಗ್ರಾಹಕರ ಬಿಲ್ಲು, ಪೇಮೆಂಟು ನೋಡುವವರು ರಾಜಾಜಿನಗರದಲ್ಲಿ. ಎಚ್‌ಆರ್ ವೈಟ್‌ಫೀಲ್ಡಿನಲ್ಲಿ. ಪೀಣ್ಯದವರು ವೈಟ್‌ಫೀಲ್ಡಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಟ್ರಾಫಿಕ್ಕಿಗೇ ಹೋಗುತ್ತದೆ. ಹಾಗಾಗಿ ಒಬ್ಬರ ಮುಖ ಒಬ್ಬರು ನೋಡುವುದೇ ಕಮ್ಮಿ. ಮೂರೂ ಕಡೆ ದಿನಾ ದೂರು ಬರುತ್ತವೆ. ಸಾಫ್ಟ್‌ವೇರಿನ ಭಾಷೆಯಲ್ಲಿ ಪ್ರತಿ ದೂರೂ ಒಂದು ಕೇಸ್. ‘ಇವತ್ತು ನಲವತ್ತು ಕೇಸ್ ಬಂತಮ್ಮ’ ಅಂತ ಮನೆಯಲ್ಲಿ ಒಮ್ಮೆ ಹೇಳಿದಾಗ ನಮ್ಮಮ್ಮ ‘ಯಾವ ಕೋರ್ಟಲ್ಲೇ?’ ಅಂದಿದ್ದರು.

ಮೊದಲು ಎಲ್ಲರದ್ದೂ ಬೇರೆ ಬೇರೆ ಎಕ್ಸೆಲ್ ಇತ್ತು. ಅದನ್ನೆಲ್ಲ ಸೇಲ್ಸ್‌ಫೋರ್ಸ್ ಅನ್ನುವ ಸಾಫ್ಟ್‌ವೇರಿಗೆ ತರಬೇಕು ಅಂತ ಮೇಲಿನಿಂದ ಬಂತು. ಸಾಫ್ಟ್‌ವೇರಿನದ್ದು ತಪ್ಪೇನಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾವು ಹೇಳಿದ್ದನ್ನೇ ಅದು ಮಾಡಿತು. ಸೆಟಪ್ ಮಾಡಲು ಬಂದವರು ಮೀಟಿಂಗಿನಲ್ಲಿ, ‘ಮೂರು ವಿಭಾಗಕ್ಕೆ ಮೂರು ರೆಕಾರ್ಡ್ ಟೈಪ್, ಮೂರು ಪೇಜ್ ಲೇಔಟ್. ಅವರವರ ಸ್ಕ್ರೀನ್ ಅವರವರಿಗೆ’ ಅಂದರು. ಡೆಮೊ ಚೆನ್ನಾಗಿತ್ತು. ಸರ್ವಿಸ್ ಹುಡುಗ ಲಾಗಿನ್ ಆದರೆ ಪಂಪಿನ ಸೀರಿಯಲ್ ನಂಬರು, ಎಚ್‌ಆರ್‌ನವರು ಲಾಗಿನ್ ಆದರೆ ನೌಕರರ ಐಡಿ. ನಾನೂ ತಲೆಯಾಡಿಸಿದೆ.

ಎರಡನೇ ತಿಂಗಳು ಪೀಣ್ಯದಿಂದ ಒಬ್ಬ ಸರ್ವಿಸ್ ಹುಡುಗ ಫೋನ್ ಮಾಡಿದ. ಯಾವುದೋ ಗ್ರಾಹಕರ ಹೆಸರು ಹಾಕಿ ಸರ್ಚ್ ಮಾಡಿದ್ದ. ಅವರ ಪಂಪಿನ ದೂರುಗಳ ಕೆಳಗೆ ಇನ್ನೊಂದು ಕೇಸ್ ಬಂದಿತ್ತು. ಅದೇ ಹೆಸರಿನ ನಮ್ಮ ಉದ್ಯೋಗಿಯೊಬ್ಬರದ್ದು.

‘ಮೇಡಂ, ಇದನ್ನ ನಾನು ನೋಡ್ಬಹುದಾ?’

ಅದು ಲೈಂಗಿಕ ಕಿರುಕುಳದ ದೂರು. ಇಂಥ ದೂರುಗಳನ್ನು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿಗೆ ಕೊಟ್ಟಿದ್ದು, ಎಚ್‌ಆರ್ ಕೇಸಾಗಿ ಸಿಸ್ಟಮ್ಮಿಗೆ ಸೇರಿಕೊಂಡಿತ್ತು. ದೂರಿನ ವಿವರ, ಕೊಟ್ಟವರ ಗುರುತು ಹೊರಗೆ ತಿಳಿಯಬಾರದು ಅಂತ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ನಮ್ಮಲ್ಲಿ ಪಂಪ್ ರಿಪೇರಿ ಮಾಡುವ ಯಾರಿಗೆ ಬೇಕಾದರೂ ಅದು ಓದಲು ಸಿಗುತ್ತಿತ್ತು. ಈ ಹುಡುಗ ಒಳ್ಳೆಯವನು, ಫೋನ್ ಮಾಡಿದ. ಅವನಿಗಿಂತ ಮೊದಲು ಎಷ್ಟು ಜನ ನೋಡಿ ಸುಮ್ಮನಾದರೋ ಗೊತ್ತಿಲ್ಲ. ದೂರು ಕೊಟ್ಟಾಕೆಗೆ ವಿಷಯ ನಾವೇ ಹೇಳಬೇಕಾಯಿತು. ಆ ಹತ್ತು ನಿಮಿಷ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಮೂರು ತಿಂಗಳಿಗೆ ಅವರು ಕೆಲಸ ಬಿಟ್ಟರು. ಕಾರಣ ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಗಿದ್ದು ಏನು ಅಂದರೆ, ರೆಕಾರ್ಡ್ ಟೈಪ್ ಅನ್ನುವುದು ಬೀಗ ಅಲ್ಲ. ಯಾರು ಯಾವ ಬಗೆಯ ಕೇಸ್ ಹುಟ್ಟುಹಾಕಬಹುದು, ತೆರೆದಾಗ ಯಾವ ಲೇಔಟ್ ಕಾಣಬೇಕು, ಅಷ್ಟನ್ನೇ ಅದು ನೋಡಿಕೊಳ್ಳುತ್ತದೆ. ಆ ಬಗೆಯ ಕೇಸನ್ನು ಬೇರೆಯವರು ನೋಡದಂತೆ ತಡೆಯುವುದಿಲ್ಲ. ಲೇಔಟ್ ಕೂಡ ಹಾಗೆಯೇ. ಒಂದು ಫೀಲ್ಡನ್ನು ಸ್ಕ್ರೀನಿನಿಂದ ತೆಗೆದರೂ, ಆ ಫೀಲ್ಡಿನ ಅನುಮತಿ ತೆಗೆಯದಿದ್ದರೆ ರಿಪೋರ್ಟಿನಲ್ಲಿ ಆರಾಮಾಗಿ ಬರುತ್ತದೆ. ಛತ್ರದ ದೊಡ್ಡ ಹಾಲಿಗೆ ಅಡ್ಡ ಸೀರೆ ಕಟ್ಟಿ ಮೂರು ರೂಮು ಅಂದುಕೊಂಡಿದ್ದೆವು.

ನಿಜವಾದ ಬೀಗ ಇರುವುದು ಆರ್ಗ್ ವೈಡ್ ಡಿಫಾಲ್ಟ್ ಅನ್ನುವ ಜಾಗದಲ್ಲಿ. ಆರ್ಗ್ ಅಂದರೆ ನಮ್ಮ ಇಡೀ ಸೇಲ್ಸ್‌ಫೋರ್ಸ್ ಖಾತೆ. ಅದರೊಳಗಿನ ದಾಖಲೆ ಮೊದಲಿಗೆ ಯಾರಿಗೆಲ್ಲ ಕಾಣಬೇಕು ಅಂತ ಹೇಳುವ ಸೆಟ್ಟಿಂಗ್ ಇದು. ಕೇಸುಗಳಿಗೆ ಅದು ಪಬ್ಲಿಕ್ ಇದೆಯೋ ಪ್ರೈವೇಟ್ ಇದೆಯೋ ಮೊದಲು ನೋಡಿ. ನಮ್ಮದು ಪಬ್ಲಿಕ್ ಇತ್ತು, ಅಂದರೆ ಲಾಗಿನ್ ಇರುವ ಎಲ್ಲರಿಗೂ ಕಾಣುವಂತೆ. ‘ಶುರುವಿಗೆ ತೆರೆದೇ ಇಡೋಣ, ಆಮೇಲೆ ಬಿಗಿ ಮಾಡೋಣ’ ಅಂದಿದ್ದರು. ಇಂಥ ಮಾತು ಕೇಳಿದ ತಕ್ಷಣ ಮೀಟಿಂಗ್ ನಿಲ್ಲಿಸಿ. ಯಾರ ಕೇಸನ್ನು ಇನ್ಯಾರಿಗೆ ತೋರಿಸಬೇಕು ಅಂತ ಹೇಳುವ ಶೇರಿಂಗ್ ರೂಲ್‌ಗಳು ಬಾಗಿಲು ತೆರೆಯಬಲ್ಲವು, ಮುಚ್ಚಲಾರವು. ಮೊದಲು ಎಲ್ಲ ಮುಚ್ಚಿ, ಬೇಕಾದವರಿಗೆ ಬೇಕಾದಷ್ಟು ತೆರೆಯುವುದೇ ಅದರ ದಾರಿ.

ಇಷ್ಟಾದ ಮೇಲೆ ಅದನ್ನು ಪ್ರೈವೇಟ್ ಮಾಡಿದ್ದರೆ ಸಾಕಿತ್ತು. ಆದರೆ ನಮ್ಮವರು ಹೆದರಿದ್ದರು. ಹಾವು ಕಂಡವರಿಗೆ ಹಗ್ಗವೂ ಹಾವೇ ಅಲ್ವಾ? ‘ಮೂರು ವಿಭಾಗಕ್ಕೆ ಮೂರು ಬೇರೆ ಬೇರೆ ಆರ್ಗ್ ಮಾಡಿಬಿಡಿ’ ಅಂತ ಆರ್ಡರ್ ಬಂತು. ಮಾಡಿದೆವು. ಹೊಸ ತೊಂದರೆ ಅಲ್ಲಿಂದ ಶುರುವಾಯಿತು.

ಯಲಹಂಕದ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಂಪು ಕೆಟ್ಟಿತು. ವಾರಂಟಿ ಇತ್ತು. ಸರ್ವಿಸ್‌ನವರು ಬದಲಾಯಿಸಿಕೊಟ್ಟರು. ವಾರಂಟಿ ವಿಷಯ ಅವರ ಆರ್ಗ್‌ನಲ್ಲೇ ಉಳಿಯಿತು. ಬಿಲ್ಲಿನವರಿಗೆ ಹೊಸ ಪಂಪು ಹೋಗಿದ್ದಷ್ಟೇ ಕಂಡಿತು, ಅವರು ಬಿಲ್ ಕಳಿಸಿದರು. ಅಸೋಸಿಯೇಷನ್ ದುಡ್ಡು ಕಟ್ಟಲಿಲ್ಲ. ಮುಂದಿನ ಬಾರಿ ಪಂಪು ನಿಂತಾಗ ‘ಬಾಕಿ ಇದೆ’ ಅಂತ ಬಿಲ್ಲಿನವರು ಸರ್ವಿಸ್ ತಡೆಹಿಡಿದರು. ಕಾರ್ಯದರ್ಶಿಯವರ ಹೆಸರು ಒಂದು ಕಡೆ ಎಸ್ ಆರ್ ಐ ಹಾಕಿ ಶ್ರೀನಿವಾಸ, ಇನ್ನೊಂದು ಕಡೆ ಎಸ್ ಆರ್ ಇ ಇ ಹಾಕಿ ಶ್ರೀನಿವಾಸ. ಎರಡೂ ಒಬ್ಬರೇ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅವರು ಕೊನೆಗೆ ನನ್ನ ನಂಬರ್ ಹುಡುಕಿ ಫೋನ್ ಮಾಡಿದರು. ‘ಅಮ್ಮಾ, ನಿಮ್ದು ಒಂದು ಕಂಪ್ನೀನೋ ಎರಡೋ, ಅದನ್ನ ಮೊದ್ಲು ಹೇಳಿ. ನೂರಿಪ್ಪತ್ತು ಮನೆ ಇದೆ, ಟ್ಯಾಂಕ್ ಖಾಲಿ.’

ಆಮೇಲೆ ಸರ್ವಿಸ್ ಮತ್ತು ಬಿಲ್ಲಿನವರನ್ನು ಮತ್ತೆ ಒಂದೇ ಆರ್ಗ್‌ಗೆ ತಂದೆವು, ಈ ಸಲ ಪ್ರೈವೇಟ್ ಮಾಡಿ. ಇಬ್ಬರ ಗ್ರಾಹಕರೂ ಒಬ್ಬರೇ, ಬೇರೆ ಇಡುವುದರಲ್ಲಿ ಅರ್ಥವಿಲ್ಲ. ಎಚ್‌ಆರ್ ಬೇರೆಯೇ ಉಳಿಯಿತು. ಅವರ ‘ಗ್ರಾಹಕರು’ ನಾವೇ ತಾನೇ, ಹೊರಗಿನವರ ಜೊತೆ ಬೆರೆಸುವ ಅಗತ್ಯ ಏನಿದೆ? ವಿಭಾಗ ಬೇರೆ ಅನ್ನುವುದಕ್ಕಿಂತ ಜನ ಬೇರೆಯಾ ಅಂತ ಕೇಳಿಕೊಂಡಿದ್ದರೆ ಇದು ಮೊದಲ ದಿನವೇ ಹೊಳೆಯುತ್ತಿತ್ತು. ಆಂತರಿಕ ಸಮಿತಿಯ ದೂರುಗಳನ್ನಂತೂ ಯಾವ ಕೇಸ್ ಸಾಫ್ಟ್‌ವೇರಿಗೂ ಹಾಕಬೇಡಿ ಅನ್ನುತ್ತೇನೆ ನಾನು. ನೀವು ಎಷ್ಟೇ ಮುಚ್ಚಿದರೂ ‘ವ್ಯೂ ಆಲ್ ಡೇಟಾ’ ಅನುಮತಿ ಇರುವ ಅಡ್ಮಿನ್‌ಗೆ ಎಲ್ಲವೂ ಕಾಣುತ್ತದೆ. ಆ ಅಡ್ಮಿನ್ ನಾನೇ ಆಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಒಂದೇ ಆರ್ಗ್‌ನಲ್ಲಿ ಇರುವವರು ಇನ್ನೊಂದು ನೋಡಿಕೊಳ್ಳಿ. ಕೇಸನ್ನು ಯಾರಿಗೆ ಕಳಿಸಬೇಕು ಅನ್ನುವ ಅಸೈನ್‌ಮೆಂಟ್ ರೂಲ್ ಒಂದು ಹೊತ್ತಿಗೆ ಒಂದೇ ಆಕ್ಟಿವ್ ಇರಲು ಸಾಧ್ಯ. ವಿಭಾಗಕ್ಕೊಂದು ಇಲ್ಲ. ಅದರೊಳಗಿನ ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲಿಗೆ ನಿಂತುಬಿಡುತ್ತದೆ. ಬಿಲ್ಲಿನವರು ಕಾಗುಣಿತ ತಪ್ಪಿದರೂ ಸಿಗಲಿ ಅಂತ, ವಿಷಯದಲ್ಲಿ ಇಂಗ್ಲಿಷಿನ ಬಿ, ಐ, ಎಲ್ ಒಟ್ಟಿಗೆ ಬಂದರೆ ತಮಗೆ ಬರಲಿ ಅನ್ನುವ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿಸಿದರು. ಮೊಬೈಲ್ ಅಂತ ಇಂಗ್ಲಿಷಿನಲ್ಲಿ ಬರೆದು ನೋಡಿ. ಮಧ್ಯದಲ್ಲಿ ಅವೇ ಮೂರು ಅಕ್ಷರ! ಮೊಬೈಲ್ ಆ್ಯಪ್‌ನಿಂದ ಮೋಟರು ಆನ್ ಆಗುತ್ತಿಲ್ಲ ಅನ್ನುವ ರೈತರ ದೂರುಗಳೆಲ್ಲ ಹನ್ನೊಂದು ದಿನ ರಾಜಾಜಿನಗರದಲ್ಲಿ ಕೂತಿದ್ದವು.

ಕೆಲಸದ ವೇಳೆಯನ್ನೂ ಎಲ್ಲರಿಗೂ ಒಂದೇ ಇಟ್ಟಿದ್ದೆವು. ಸರ್ವಿಸ್‌ಗೆ ಶನಿವಾರ ಕೆಲಸ, ಬಿಲ್ಲಿನವರಿಗೆ ರಜೆ. ನವೆಂಬರ್ 1 ನಮಗೆ ರಜೆ, ಪುಣೆಯಲ್ಲಿರುವ ನಮ್ಮವರಿಗೆ ಇಲ್ಲ. ಗಡುವಿನ ಲೆಕ್ಕ ಪೂರ್ತಿ ಹದಗೆಟ್ಟಿತ್ತು. ‘ಕ್ಲೋಸ್ಡ್’ ಅನ್ನುವ ಪದಕ್ಕೂ ಅಷ್ಟೇ. ಮೆಕ್ಯಾನಿಕ್ ಹೊರಟರೆ ಒಬ್ಬರಿಗೆ ಕ್ಲೋಸ್ಡ್, ಗ್ರಾಹಕರು ಸರಿಯಾಯ್ತು ಅಂದರೆ ಇನ್ನೊಬ್ಬರಿಗೆ ಕ್ಲೋಸ್ಡ್. ಇದಕ್ಕೆ ಸಾಫ್ಟ್‌ವೇರ್ ಬೇಡ, ಇಬ್ಬರನ್ನೂ ಕೂರಿಸಿ ಕಾಫಿ ಕುಡಿಸಬೇಕು.

ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಇದೇ ಪ್ರಶ್ನೆ ಬೇರೆ ಹೆಸರಿನಲ್ಲಿ ಬರುತ್ತದೆ. ಸರ್ವಿಸ್‌ನೌನಲ್ಲಿ ಒಂದೇ ಸಿಸ್ಟಮ್ಮಿನೊಳಗೆ ಡೇಟಾ ಬೇರೆ ಬೇರೆ ಇಡುವುದಕ್ಕೆ ಡೊಮೇನ್ ಸೆಪರೇಷನ್ ಅನ್ನುತ್ತಾರೆ. ಒಮ್ಮೆ ಆನ್ ಮಾಡಿದರೆ ವಾಪಸ್ ಬರುವುದು ಸುಲಭವಲ್ಲ, ಸುಮ್ನೆ ನೋಡೋಣ ಅಂತ ಮುಟ್ಟಬೇಡಿ. ಜಿರಾದಲ್ಲಿ ಪ್ರಾಜೆಕ್ಟ್ ಬೇರೆ ಮಾಡಿದರೂ ‘ಬ್ರೌಸ್’, ಅಂದರೆ ತೆರೆದು ನೋಡುವ ಅನುಮತಿ ಯಾರಿಗಿದೆ ಅಂತ ನೋಡಲೇಬೇಕು.

ಈಗ ಪ್ರತಿ ತಿಂಗಳ ಮೊದಲ ಸೋಮವಾರ ಪೀಣ್ಯದ ಅದೇ ಹುಡುಗನ ಪಕ್ಕ ಕೂತು, ಅವನ ಲಾಗಿನ್‌ನಲ್ಲೇ ಹುಡುಕಿಸುತ್ತೇನೆ. ಸಂಬಳ, ರಾಜೀನಾಮೆ, ದೂರು, ನನ್ನದೇ ಹೆಸರು. ಅಡ್ಮಿನ್ ಲಾಗಿನ್‌ನಲ್ಲಿ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಹೋದ ತಿಂಗಳು ಒಂದು ಸಿಕ್ಕಿತು. ಎಚ್‌ಆರ್‌ನ ಯಾರೋ ಒಬ್ಬರು ಸಂಬಳದ ಮೇಲ್ ಕಳಿಸುವಾಗ ಸಿಸಿಯಲ್ಲಿ ಸರ್ವಿಸ್‌ನ ಮೇಲ್ ಐಡಿ ಹಾಕಿದ್ದರು. ಆ ಐಡಿಗೆ ಏನೇ ಬಂದರೂ ತಾನಾಗಿಯೇ ಕೇಸ್ ಆಗುತ್ತದೆ. ಇಡೀ ಮೇಲ್, ಅದರ ಜೊತೆಗಿದ್ದ ಫೈಲ್ ಸಮೇತ, ಪಂಪ್ ರಿಪೇರಿ ಕ್ಯೂನಲ್ಲಿ ನಾಲ್ಕು ದಿನದಿಂದ ಕಾಯುತ್ತಿತ್ತು. ‘ಮೇಡಂ, ಇದಕ್ಕೆ ಮೆಕ್ಯಾನಿಕ್ ಕಳಿಸ್ಲಾ?’ ಅಂದ ಅವನು.