ಟಿವಿ ಸ್ಟಿಕ್ ‘ಮೆಮೊರಿ ಹೋಗಿದೆ’ ಅಂದರೆ ನಂಬಬೇಡಿ: ತುಮಕೂರಿನಲ್ಲಿ ನನಗೆ ಆದ ಮೋಸ

ತುಮಕೂರಿನವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಟಿವಿಗೆ ಸ್ಟಿಕ್ ಹಾಕಿಕೊಂಡಿರುವವರಂತೂ ಓದಲೇಬೇಕು. ಒಟ್ಟು 5,000 ರೂಪಾಯಿ ಕಳೆದುಕೊಂಡೆ. ದುಡ್ಡು ಹೋಗಿದ್ದಕ್ಕಿಂತ, ಕೂತಲ್ಲೇ ರಿಮೋಟ್ ಒತ್ತಿ ಮುಗಿಸಬಹುದಾಗಿದ್ದ ಕೆಲಸಕ್ಕೆ ಹೋಯಿತಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ನಮ್ಮ ಮನೆಯಲ್ಲಿರುವುದು ಫೈರ್ ಟಿವಿ ಸ್ಟಿಕ್, ಟಿವಿಗೆ ಸಿಕ್ಕಿಸಿ ಇಂಟರ್ನೆಟ್‌ನಲ್ಲಿ ಆ್ಯಪ್‌ಗಳನ್ನು ನೋಡುವ ಪುಟ್ಟ ಸಾಧನ. ತಗೊಂಡು ಮೂರು ವರ್ಷ ಆಯಿತು. ಅಮ್ಮನಿಗೆ ಮಧ್ಯಾಹ್ನ ಊಟ ಆದ ಮೇಲೆ ಹಿಂದಿನ ರಾತ್ರಿಯ ಧಾರಾವಾಹಿ ನೋಡುವ ರೂಢಿ, ಅದಕ್ಕೇ ಹಾಕಿಸಿದ್ದು. ಹೋದ ತಿಂಗಳು ಪರದೆ ಮೇಲೆ ಸ್ಟೋರೇಜ್ ಕಡಿಮೆ ಇದೆ ಅಂತ ಬರಲು ಶುರುವಾಯಿತು. ಧಾರಾವಾಹಿಯ ಆ್ಯಪ್ ತೆಗೆದರೆ ಅಪ್‌ಡೇಟ್ ಮಾಡಿ ಅನ್ನುತ್ತದೆ. ಮಾಡಲು ಹೋದರೆ ಜಾಗ ಇಲ್ಲ ಅನ್ನುತ್ತದೆ. ಅಮ್ಮ ದಿನಾ ಕೇಳುತ್ತಿದ್ದರು, ‘ಅದೇನಾಗಿದೆ ನೋಡಪ್ಪ’ ಅಂತ. ನನಗೆ ಕೆಲಸದ ಗಡಿಬಿಡಿ. ನೋಡಲಿಲ್ಲ. ಸ್ಟಿಕ್, ರಿಮೋಟ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಒಂದು ಶನಿವಾರ ಎಂ.ಜಿ. ರಸ್ತೆ ಕಡೆಯ ಒಂದು ಅಂಗಡಿಗೆ ಹೋದೆ. ಅಂಗಡಿ ಹೆಸರು ಇಲ್ಲಿ ಬರೆಯುವುದಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಅಂಗಡಿಯವರು ಟಿವಿಗೆ ಸಿಕ್ಕಿಸಿ ಎರಡು ನಿಮಿಷವೂ ನೋಡಲಿಲ್ಲ. ‘ಸರ್, ಇದರ ಮೆಮೊರಿ ಹೋಗಿದೆ. ಇರೋದೇ 8 ಜಿಬಿ. ಒಳಗೆ ಚಿಪ್ ಸತ್ತಿದೆ, ರಿಪೇರಿ ಆಗಲ್ಲ’ ಅಂದರು. ನಾನು ‘ಏನಾದರೂ ಡಿಲೀಟ್ ಮಾಡಿದರೆ ಸರಿ ಹೋಗಲ್ವಾ?’ ಅಂತ ಕೇಳಿದೆ. ಕೇಳಿದ್ದೆ! ಅದಕ್ಕೆ ಬಂದ ಉತ್ತರ: ‘ಇದು ಮೊಬೈಲ್ ಅಲ್ಲ ಸರ್, ಟಿವಿದು. ಇದರಲ್ಲಿ ಡಿಲೀಟ್ ಮಾಡೋಕೆ ಏನೂ ಇರಲ್ಲ.’ ಎಷ್ಟು ಧೈರ್ಯವಾಗಿ ಹೇಳಿದರು ಅಂದರೆ, ನಾನು ಮುಂದೆ ಮಾತೇ ಆಡಲಿಲ್ಲ.

ಆಮೇಲೆ ಕೆಳಗಿನ ಕಪಾಟಿನಿಂದ ಒಂದು ಕಪ್ಪು ಬಾಕ್ಸ್ ತೆಗೆದರು. ಆಂಡ್ರಾಯ್ಡ್ ಬಾಕ್ಸ್, ಸ್ಟಿಕ್ ಮಾಡುವ ಕೆಲಸವನ್ನೇ ಮಾಡುವಂಥದ್ದು. ಡಬ್ಬದ ಮೇಲೆ 128 ಜಿಬಿ ಅಂತ ದೊಡ್ಡದಾಗಿ ಬರೆದಿದೆ. ‘8 ಎಲ್ಲಿ, 128 ಎಲ್ಲಿ ಸರ್. ಜೀವಮಾನದಲ್ಲಿ ತುಂಬಲ್ಲ’ ಅಂದರು. 4,500 ರೂಪಾಯಿ, ಹಳೇ ಸ್ಟಿಕ್‌ಗೆ 300 ಕಳೆದು 4,200. ಬಿಲ್ ಕೇಳಿದೆ. ‘ಬಿಲ್ ಹಾಕಿದರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ, ಸುಮ್ನೆ ಯಾಕೆ ನಿಮಗೆ ಹೊರೆ’ ಅಂದರು. ನಾನೂ ಒಪ್ಪಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಪ್ಪಿಕೊಂಡೆ. ದುಡ್ಡನ್ನು ಮಾತ್ರ ಯುಪಿಐನಲ್ಲಿ ಕೊಟ್ಟೆ.

ಮನೆಗೆ ಬರುತ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದೆ. ಅಮ್ಮನಿಗೆ ಹೊಸ ಬಾಕ್ಸ್ ಬಂತು ಅಂತ ಅಷ್ಟು ಖುಷಿ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿದೆ, 128ರಲ್ಲಿ 117 ಜಿಬಿ ಖಾಲಿ ಅಂತ ತೋರಿಸಿತು. ಸಮಾಧಾನವಾಯಿತು.

ನಾಲ್ಕನೇ ದಿನ ತಮ್ಮ ಬಂದ. ಅವನ ಮದುವೆ ವಿಡಿಯೋ ಪೆನ್ ಡ್ರೈವ್‌ನಲ್ಲಿತ್ತು, ಹದಿನಾಲ್ಕು ಫೈಲು. ಬಾಕ್ಸ್‌ಗೇ ಹಾಕಿಟ್ಟರೆ ಅಮ್ಮ ಯಾವಾಗ ಬೇಕಾದರೂ ನೋಡಬಹುದು ಅಂತ ಕಾಪಿ ಮಾಡಲು ಕೊಟ್ಟೆವು. ಮೊದಲನೆಯ ಫೈಲು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಧಾರೆಯದು. ಅರ್ಧಕ್ಕೆ ನಿಂತಿತು. ಜಾಗ ಸಾಲುತ್ತಿಲ್ಲ ಅಂತ ಬಂತು. ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದರೆ ಇನ್ನೂ ನೂರು ಜಿಬಿ ಮೇಲೆ ಖಾಲಿ ಅಂತಲೇ ಇದೆ! ಬಾಕ್ಸ್ ಆರಿಸಿ ಹಾಕಿದೆವು, ಮತ್ತೆ ಕಾಪಿ ಮಾಡಿದೆವು. ಅಲ್ಲೇ ನಿಂತಿತು. ತಮ್ಮ ನನ್ನ ಮುಖ ನೋಡಿದ. ‘ಅಣ್ಣ, ಇದರಲ್ಲಿ ಅಷ್ಟು ಜಾಗ ಇಲ್ಲವೇ ಇಲ್ಲ’ ಅಂದ.

ಇದು ನನಗೆ ಗೊತ್ತೇ ಇರಲಿಲ್ಲ. ಇಂಥ ಕೆಲವು ಬಾಕ್ಸ್‌ಗಳ ಒಳಗೆ 8 ಅಥವಾ 16 ಜಿಬಿ ಚಿಪ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಕಾಣುವ ಅಂಕಿಯನ್ನೇ ಸಾಫ್ಟ್‌ವೇರ್‌ನಲ್ಲಿ ತಿದ್ದಿಟ್ಟಿರುತ್ತಾರೆ. ಅಂಕಿ 128 ಅನ್ನುತ್ತದೆ, ಜಾಗ ಮಾತ್ರ ಇರುವಷ್ಟೇ. ಆ್ಯಪ್ ಮಾತ್ರ ಹಾಕಿಕೊಂಡು ನೋಡುವವರಿಗೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ನಮಗೆ ಮದುವೆ ವಿಡಿಯೋದಿಂದ ಗೊತ್ತಾಯಿತು.

ಮಾರನೆಯ ದಿನ ಬಾಕ್ಸ್ ಹಿಡಿದುಕೊಂಡು ಅಂಗಡಿಗೆ ಹೋದೆ. ಇಲ್ಲಿಂದ ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಒಳಗೆ ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಅಂಗಡಿಯ ಹುಡುಗ ಗೋಡೆಯ ಟಿವಿಯಲ್ಲಿ ಏನೋ ತೋರಿಸುತ್ತಿದ್ದ. ಅವನ ಕೈಯಲ್ಲಿದ್ದ ರಿಮೋಟ್ ನೋಡಿದೆ. ಹಿಂದಿನ ಮುಚ್ಚಳಕ್ಕೆ ಕೆಂಪು ರಬ್ಬರ್ ಬ್ಯಾಂಡ್. ಆ ರಬ್ಬರ್ ಬ್ಯಾಂಡ್ ಹಾಕಿದ್ದು ನಾನು. ಸೆಲ್ ಬೀಳುತ್ತದೆ ಅಂತ ಎರಡು ಸುತ್ತು ಸುತ್ತಿದ್ದೆ. ತಲೆ ಎತ್ತಿ ಟಿವಿ ನೋಡಿದರೆ ನಮ್ಮ ಅಮ್ಮನ ಪ್ರೊಫೈಲ್! ಅಮ್ಮನ ಹೆಸರು, ಅಮ್ಮ ಅರ್ಧ ನೋಡಿ ಬಿಟ್ಟಿದ್ದ ಧಾರಾವಾಹಿ, ಎಲ್ಲ ಹಾಗೇ ಇದೆ. ‘ಸೆಕೆಂಡ್ ಹ್ಯಾಂಡ್ ಆದರೂ ಹೊಸದರ ಹಾಗಿದೆ, 1,800’ ಅಂತ ಹುಡುಗ ಅವರಿಗೆ ಹೇಳುತ್ತಿದ್ದಾನೆ. ಸತ್ತು ಹೋಗಿದೆ ಅಂದಿದ್ದ ಸ್ಟಿಕ್! ನನ್ನ ಅಕೌಂಟ್ ಲಾಗಿನ್ ಇದ್ದ ಹಾಗೇ ಮಾರಾಟಕ್ಕೆ!

‘ಇದರ ಮೆಮೊರಿ ಹೋಗಿದೆ ಅಂದಿರಲ್ಲ?’ ಅಂತ ಕೇಳಿದೆ.

‘ಸರ್ವೀಸ್ ಮಾಡಿದೀವಿ ಸರ್’ ಅಂದರು ಅಂಗಡಿಯವರು.

‘ರಿಪೇರಿ ಆಗಲ್ಲ ಅಂದಿದ್ರಿ. ಏನು ಸರ್ವೀಸ್ ಮಾಡಿದ್ರಿ?’

ಅವರು ಬಾಯಿ ಬಿಡುವ ಮೊದಲೇ ಹುಡುಗ ಹೇಳಿಬಿಟ್ಟ, ‘ಕ್ಯಾಶ್ ಕ್ಲಿಯರ್ ಮಾಡಿದ್ವಿ ಅಂಕಲ್, ಅಷ್ಟೇ.’

ಅಷ್ಟೇ. ಆ ಒಂದು ಮಾತು ಇನ್ನೂ ಕಿವಿಯಲ್ಲಿದೆ. ಕ್ಯಾಶ್ ಅಂದರೆ ಇಲ್ಲಿ ದುಡ್ಡಲ್ಲ, ಆ್ಯಪ್‌ಗಳು ತಾವಾಗಿಯೇ ಸೇರಿಸಿಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳು. ಅಂಗಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಒಂದು ಕಡೆ, ಅವಮಾನ ಒಂದು ಕಡೆ. ನಲವತ್ತೈದು ವರ್ಷದ ನನಗೆ ಹೀಗೆ ಟೋಪಿ ಹಾಕಿದರಲ್ಲ ಅಂತ.

ಬಾಕ್ಸ್ ವಾಪಸ್ ತಗೊಳ್ಳಿ ಅಂದೆ. ‘ಓಡ್ತಿದೆಯಲ್ಲ ಸರ್, ಯಾಕೆ ವಾಪಸ್?’ 128 ಜಿಬಿ ಇಲ್ಲ ಅಂದೆ. ‘ಸೆಟ್ಟಿಂಗ್ಸ್‌ನಲ್ಲೇ ತೋರಿಸ್ತಿದೆ ನೋಡಿ.’ ಕಾಪಿ ಮಾಡಿ ತೋರಿಸುತ್ತೇನೆ ಅಂದೆ. ‘ಕಂಪನಿಯವರು ಕಳಿಸಿದ ಮಾಲು, ನಾವೇನು ಒಳಗೆ ಬಿಚ್ಚಿ ನೋಡ್ತೀವಾ? ಬಿಲ್ ಇದೆಯಾ ನಿಮ್ಮ ಹತ್ರ?’ ಬಿಲ್ ಬೇಡ ಅನ್ನಿಸಿದವರೇ ಬಿಲ್ ಕೇಳುತ್ತಾರೆ! ಹಾಗಾದರೆ ನನ್ನ ಸ್ಟಿಕ್ ಆದರೂ ಕೊಡಿ, ನಿಮ್ಮ 300 ತಗೊಳ್ಳಿ ಅಂದೆ. ‘ಎಕ್ಸ್‌ಚೇಂಜ್ ಆದ ಮೇಲೆ ಅದು ನಮ್ಮ ಮಾಲು ಸರ್. ಈಗ ರೇಟ್ 1,800.’ ಜೋರು ಮಾತಾಯಿತು. ಜನ ಸೇರಿದರು. ಕೊನೆಗೆ ನನ್ನದೇ ಸ್ಟಿಕ್‌ಗೆ 800 ಕೊಟ್ಟು ಬಿಡಿಸಿಕೊಂಡು ಬಂದೆ. ಅಮ್ಮನ ಹೆಸರಿರುವ ಟಿವಿ ಪರದೆಯನ್ನು ಯಾರೋ ಗೊತ್ತಿಲ್ಲದವರ ಮನೆಗೆ ಬಿಟ್ಟು ಬರಲು ಮನಸ್ಸು ಬರಲಿಲ್ಲ.

ಸಂಜೆ ಅಕ್ಕನ ಮಗ ಬಂದು ತೋರಿಸಿದ. ಎರಡನೇ ಪಿಯುಸಿ ಹುಡುಗ. ಸೆಟ್ಟಿಂಗ್ಸ್, ಮೈ ಫೈರ್ ಟಿವಿ, ಅಬೌಟ್, ಸ್ಟೋರೇಜ್. ಎಷ್ಟಿದೆ, ಎಷ್ಟು ಖಾಲಿ, ಅಲ್ಲೇ ಇದೆ. ಸ್ಟಿಕ್ 8 ಜಿಬಿಯದು, ಅದರಲ್ಲಿ ಸಿಸ್ಟಮ್‌ದು ಕಳೆದು ನಮ್ಮ ಕೈಗೆ ಸಿಗುವುದು ಸುಮಾರು 5 ಜಿಬಿ. ತುಂಬುವುದು ಸಹಜ. ಕೆಟ್ಟಿದೆ ಅಂತಲ್ಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲೇ ಅಪ್ಲಿಕೇಶನ್ಸ್, ಅದರೊಳಗೆ ಮ್ಯಾನೇಜ್ ಇನ್‌ಸ್ಟಾಲ್ಡ್ ಅಪ್ಲಿಕೇಶನ್ಸ್. ಒಂದೊಂದು ಆ್ಯಪ್ ಒತ್ತಿದರೆ ಅದು ಎಷ್ಟು ಜಾಗ ತಿಂದಿದೆ ಅಂತ ಬರುತ್ತದೆ. ಕೆಳಗೆ ಕ್ಲಿಯರ್ ಕ್ಯಾಶ್ ಇದೆ. ಅದನ್ನು ಒತ್ತಿದರೆ ಲಾಗಿನ್ ಹೋಗುವುದಿಲ್ಲ. ಪಕ್ಕದಲ್ಲೇ ಇರುವ ಕ್ಲಿಯರ್ ಡೇಟಾ ಒತ್ತಿದರೆ ಮಾತ್ರ ಆ ಆ್ಯಪ್‌ಗೆ ಮತ್ತೆ ಲಾಗಿನ್ ಆಗಬೇಕು. ಬೇಸಿಗೆ ರಜೆಯಲ್ಲಿ ಮಕ್ಕಳು ಹಾಕಿದ್ದ ಎರಡು ಗೇಮ್ ಹಾಗೇ ಇದ್ದವು. ತೆಗೆದೆವು. ಈಗ 2 ಜಿಬಿ ಮೇಲೆ ಖಾಲಿ ಇದೆ. ಐದು ನಿಮಿಷದ ಕೆಲಸ!

ಆದ್ದರಿಂದ ಕೈಮುಗಿದು ಹೇಳುತ್ತೇನೆ, ಅಂಗಡಿಗೆ ಹೋಗುವ ಮೊದಲು ಇಷ್ಟು ಮಾಡಿ. ಹೆಸರೇ ಕೇಳದ ಕಂಪನಿಯ ಬಾಕ್ಸ್‌ನಲ್ಲಿ 128, 256 ಅಂದರೆ ತಗೊಳ್ಳಬೇಡಿ. ತಗೊಳ್ಳಲೇಬೇಕು ಅಂದರೆ ಪೆನ್ ಡ್ರೈವ್ ತಗೊಂಡು ಹೋಗಿ, ಅವರೆದುರೇ ಹತ್ತಿಪ್ಪತ್ತು ಜಿಬಿ ಕಾಪಿ ಮಾಡಿಸಿ. ಹಳೇದನ್ನು ಯಾರಿಗೇ ಕೊಡಿ, ಫ್ಯಾಕ್ಟರಿ ರೀಸೆಟ್ ಮಾಡದೆ, ಅಂದರೆ ಒಳಗಿರುವ ನಿಮ್ಮ ಲಾಗಿನ್, ಆ್ಯಪ್ ಎಲ್ಲ ಅಳಿಸದೆ ಕೊಡಬೇಡಿ. ನಾನು ಅವತ್ತೇ ರಾತ್ರಿ ಪಾಸ್‌ವರ್ಡ್ ಬದಲಾಯಿಸಿದೆ, ನನ್ನ ಅಕೌಂಟ್‌ನಲ್ಲಿ ಏನಾದರೂ ಆರ್ಡರ್ ಆಗಿದೆಯಾ ಅಂತ ಒಂದೊಂದೇ ನೋಡಿದೆ. ಬಿಲ್ ಬಿಡಬೇಡಿ, ಎಷ್ಟೇ ಜಾಸ್ತಿ ಆಗಲಿ ಬಿಡಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ತಪ್ಪು ವ್ಯಾಪಾರ ಅಂತಿದೆ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಅಲ್ಲೇ ಕೇಳುತ್ತಿದ್ದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗೆ ಅಲ್ಲಿ ಶುಲ್ಕವೂ ಇಲ್ಲ. ಅದು ಮುಗಿಯುವ ತನಕ ಅಂಗಡಿ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಯುಪಿಐ ರಸೀದಿ, ಡಬ್ಬದ ಮೇಲಿನ 128ರ ಫೋಟೋ, ಕಾಪಿ ನಿಂತಾಗ ತಮ್ಮ ತೆಗೆದ ವಿಡಿಯೋ ಎಲ್ಲ ಎತ್ತಿಟ್ಟಿದ್ದೇನೆ. ಬಾಕ್ಸ್ ಕೂಡ ಬಿಸಾಡಿಲ್ಲ. ಎಂ.ಜಿ. ರಸ್ತೆ ಕಡೆ ಇದೇ ತರಹದ ಕಪ್ಪು ಬಾಕ್ಸ್ ತಗೊಂಡವರು ಇದ್ದರೆ ಇವತ್ತೇ ಕಾಪಿ ಮಾಡಿ ನೋಡಿ. ನಿಮಗೂ ಹೀಗೇ ಆಗಿದ್ದರೆ ಹೇಳಿ, ಒಟ್ಟಿಗೆ ಹೋಗೋಣ.