ಥ್ರಾಟಲ್ ಸೆನ್ಸರ್ ಕಂಪ್ಲೇಂಟ್ ಹಿಡಿಯಲು ಯಾವುದು ಒಳ್ಳೇದು? ಬ್ಲೂಟೂತ್ ಅಡಾಪ್ಟರ್, ಡಿಜಿಟಲ್ ಮೀಟರ್, ಮುಳ್ಳಿನ ಮೀಟರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಳ್ಳಿನ ಮೀಟರಿಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಐನೂರು ರೂಪಾಯಿ ಆಸುಪಾಸಿಗೆ ತಂದ ಹಳೇ ಮಾದರಿಯ ಅನಲಾಗ್ ಮಲ್ಟಿಮೀಟರ್ ಅದು. ಬ್ಲೂಟೂತ್ ಅಡಾಪ್ಟರಿಗೆ ಕಾಣದ್ದು, ಡಿಜಿಟಲ್ ಮೀಟರಿಗೆ ಸಿಗದ್ದು, ಭಾವಮೈದನಿಂದ ಇಸ್ಕೊಂಡು ಬಂದ ದುಬಾರಿ ಸ್ಕ್ಯಾನರ್ ಕೂಡ 'ಎಲ್ಲ ಸರಿ ಇದೆ' ಎಂದದ್ದು, ಈ ಮೀಟರಿನ ಮುಳ್ಳಿಗೆ ಸಿಕ್ಕಿಬಿತ್ತು. ಹಾಗಂತ ಉಳಿದವು ದಂಡ ಅಂತಲ್ಲ. ಒಂದೊಂದಕ್ಕೂ ಅದರದೇ ಕೆಲಸ ಇದೆ. ಆದರೆ ಹಳೇ ಕೇಬಲ್ ಥ್ರಾಟಲ್ ಕಾರು (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲನ್ನು ಆಕ್ಸಿಲರೇಟರ್ ಕೇಬಲ್ಲಿನಿಂದ ಎಳೆದು ತೆರೆಯುವಂಥದ್ದು) ಇಟ್ಟುಕೊಂಡು ಮನೇಲೇ ಕೆಲಸ ಮಾಡಿಕೊಳ್ಳುವವರು ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು ಅಂದರೆ, ನನ್ನ ಉತ್ತರ ಇದೇ.

ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಮೆಲ್ಲಗೆ ಇಟ್ಟರೆ ಗಾಡಿ ಒಂದು ಕ್ಷಣ ತಡೆದು ಜರ್ಕ್ ಹೊಡೆಯುತ್ತಿತ್ತು. ಜೋರಾಗಿ ತುಳಿದರೆ ಏನೂ ಇಲ್ಲ. ಸಿಲ್ಕ್ ಬೋರ್ಡ್ ಕಡೆ ತೆವಳುವಾಗ ಪ್ರಾಣ ತಿನ್ನುತ್ತಿತ್ತು, ತುಮಕೂರು ರಸ್ತೆಯಲ್ಲಿ ಎಂಬತ್ತರಲ್ಲಿ ಹೋದರೆ ಮಾಯ. ಚೆಕ್ ಎಂಜಿನ್ ಲೈಟ್ ಹತ್ತಲೇ ಇಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, "ಕೋಡ್ ಏನೂ ಇಲ್ಲ ಸಾರ್, ಥ್ರಾಟಲ್ ಬಾಡಿ ಕ್ಲೀನ್ ಮಾಡಿಬಿಡೋಣ" ಅಂದರು. ಕ್ಲೀನ್ ಮಾಡಿಸಿದ್ದಾಯಿತು, ಐಡ್ಲಿಂಗ್ ನಯವಾಯಿತು. ಜರ್ಕ್ ಇದ್ದಲ್ಲೇ ಇತ್ತು.

ಥ್ರಾಟಲ್ ಎಷ್ಟು ತೆರೆದಿದೆ ಅಂತ ಕಾರಿನ ಕಂಪ್ಯೂಟರ್ ಆದ ಇಸಿಯುಗೆ ಹೇಳುವುದು ಥ್ರಾಟಲ್ ಸೆನ್ಸರ್. ಅದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ರೇಡಿಯೋದ ವಾಲ್ಯೂಮ್ ತಿರುಗಣೆ ಇರುತ್ತದಲ್ಲ, ಅದರ ಒಳಗಿರುವುದೇ ಇದರ ಒಳಗೂ ಇದೆ. ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜುತ್ತಾ ಓಡುವ ಒಂದು ಲೋಹದ ನಾಲಿಗೆ. ಮೂರು ವೈರ್. ಒಂದರಲ್ಲಿ ಇಸಿಯು ಕೊಡುವ 5 ವೋಲ್ಟ್, ಒಂದು ಅರ್ತ್, ಮೂರನೆಯದು ಸಿಗ್ನಲ್. ಥ್ರಾಟಲ್ ಮುಚ್ಚಿದ್ದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ ನಾಲ್ಕು, ನಾಲ್ಕೂವರೆ. ನಡುವೆ ಎಲ್ಲೂ ಕಡಿಯದೆ ಏರಬೇಕು.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತುವ ಭಾಗ್ಯ ಎಲ್ಲಿದೆ ಹೇಳಿ? ವರ್ಷಗಟ್ಟಲೆ ನಾವು ಓಡಿಸುವುದೇ ಮೊದಲ ಕಾಲು ಭಾಗದಲ್ಲಿ. ಹಾಗಾಗಿ ಆ ನಾಲಿಗೆ ಪಟ್ಟಿಯ ಅದೇ ಚೂರಿನ ಮೇಲೆ ಓಡಾಡಿ ಓಡಾಡಿ ಕಾರ್ಬನ್ ಸವೆಯುತ್ತದೆ. ಪಟ್ಟಿಯ ಉಳಿದ ಭಾಗ ಹೊಸದರ ಹಾಗೇ ಇರುತ್ತದೆ. ಸವೆದ ಜಾಗದಲ್ಲಿ ಸಂಪರ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುತ್ತದೆ. ಕಾಲು ಎತ್ತಿದರು ಅಂತ ಇಸಿಯು ತಿಳಿದು ಪೆಟ್ರೋಲ್ ಕಡಿಮೆ ಮಾಡುತ್ತದೆ. ಗಾಡಿ ತಡೆಯುತ್ತದೆ.

ನಾನು ಮೊದಲು ಹಿಡಿದದ್ದು ಬ್ಲೂಟೂತ್ ಅಡಾಪ್ಟರನ್ನು. ಆನ್‌ಲೈನಿನಲ್ಲಿ ಏಳುನೂರರ ಒಳಗೆ ಸಿಗುವ, ಇಎಲ್ಎಂ 327 ಹೆಸರಿನ ಕ್ಲೋನ್, ಅಂದರೆ ನಕಲು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ಕಾರಿನ ತಪಾಸಣೆಗೆ ಇರುವ) ಸಾಕೆಟ್ಟಿಗೆ ಸಿಕ್ಕಿಸಿ, ಫೋನಿನಲ್ಲಿ ಟಾರ್ಕ್ ಆಪ್ ತೆರೆದರೆ ಆಯಿತು. ನಮ್ಮಲ್ಲಿ ಕಾರುಗಳಿಗೆ ಒಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಗಾಡಿಯಾದರೆ ಸಾಕೆಟ್ ಇದ್ದರೂ ಆಪ್ ಜೊತೆ ಮಾತಾಡುವ ಗ್ಯಾರಂಟಿ ಇಲ್ಲ. ಐಫೋನ್ ಇದ್ದವರು ಮಾಮೂಲಿ ಬ್ಲೂಟೂತಿನದನ್ನು ತಗೊಳ್ಳಬೇಡಿ, ಕನೆಕ್ಟ್ ಆಗುವುದಿಲ್ಲ.

ಇಸಿಯು ಬರೆದಿಟ್ಟುಕೊಳ್ಳುವ ದೋಷದ ಕೋಡ್ ಓದುವುದಕ್ಕೆ ಇದು ಚೆನ್ನಾಗಿದೆ. ಪಿ 0122 ಬಂದರೆ ಸಿಗ್ನಲ್ ತೀರಾ ಕಡಿಮೆ, ಪಿ 0123 ಬಂದರೆ ತೀರಾ ಜಾಸ್ತಿ. ವೈರ್ ಪೂರ್ತಿ ಕಟ್ಟಾಗಿದ್ದರೆ, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಇಲಿ ಕಡಿದಿದ್ದರೆ, ಸಾಮಾನ್ಯವಾಗಿ ಇಂಥದ್ದೊಂದು ಕೋಡ್ ಬಂದು ಅಡಾಪ್ಟರ್ ಕೂತಲ್ಲೇ ಹೇಳಿಬಿಡುತ್ತದೆ.

ತೊಂದರೆ ಇರುವುದು ಅರ್ಧಂಬರ್ಧ ಕೆಟ್ಟ ಸೆನ್ಸರಿನಲ್ಲಿ. ನನ್ನ ಕಾರು ಕೆ-ಲೈನ್ ಎಂಬ ಹಳೇ ದಾರಿಯಲ್ಲಿ ಮಾತಾಡುತ್ತದೆ. ಅದರ ವೇಗ ಸೆಕೆಂಡಿಗೆ 10.4 ಕಿಲೋಬಿಟ್. ಹೊಸ ಕಾರುಗಳ ಕ್ಯಾನ್ ಲೈನಿನಲ್ಲಿ ಸಾಮಾನ್ಯವಾಗಿ 500. ಆಪ್ ಒಂದು ಪ್ರಶ್ನೆ ಕೇಳಬೇಕು, ಇಸಿಯು ಉತ್ತರ ಕೊಡಬೇಕು, ಆಮೇಲೆ ಮುಂದಿನ ಪ್ರಶ್ನೆ. ಸ್ಕ್ರೀನಿನ ಮೇಲೆ ಆರ್‌ಪಿಎಂ, ಟೆಂಪರೇಚರ್, ಸ್ಪೀಡ್ ಎಲ್ಲ ಇಟ್ಟುಕೊಂಡರೆ ಥ್ರಾಟಲ್‌ನ ಸರದಿ ಬರುವುದು ಸೆಕೆಂಡಿಗೆ ಒಂದು ಸಲ. ಎಲ್ಲ ತೆಗೆದು ಥ್ರಾಟಲ್ ಒಂದನ್ನೇ ಇಟ್ಟೆ. ಆಗಲೂ ಗ್ರಾಫು ಮೆಟ್ಟಿಲು ಮೆಟ್ಟಿಲಾಗಿಯೇ ಏರಿತು. ಹನ್ನೆರಡು, ಹದಿನೈದು, ಹತ್ತೊಂಬತ್ತು ಪರ್ಸೆಂಟ್. ಎರಡು ಮೆಟ್ಟಿಲಿನ ನಡುವೆ ಸಿಗ್ನಲ್ ಬಿದ್ದು ಎದ್ದರೆ ಅದು ಗ್ರಾಫಿಗೆ ಬರುವುದೇ ಇಲ್ಲ.

ಇದು ಎಷ್ಟು ರೇಗಿಸುತ್ತದೆ ಅಂದರೆ, ಜರ್ಕ್ ನಮ್ಮ ಬೆನ್ನಿಗೆ ತಾಗುತ್ತದೆ, ಆರ್‌ಪಿಎಂ ಮುಳ್ಳು ಡ್ಯಾಶ್‌ಬೋರ್ಡಿನಲ್ಲಿ ಕುಣಿಯುತ್ತದೆ, ಫೋನಿನಲ್ಲಿ ಥ್ರಾಟಲ್ ಗೆರೆ ಮಾತ್ರ ನೆಟ್ಟಗೆ! ಅದನ್ನು ನಂಬಿದರೆ ಪ್ಲಗ್ಗು, ಕಾಯಿಲ್, ಪೆಟ್ರೋಲ್ ಪಂಪು ಅಂತ ಒಂದೊಂದೇ ಬದಲಾಯಿಸುತ್ತಾ ಹೋಗಬೇಕಾಗುತ್ತದೆ. ಕೋಡ್ ಯಾಕೆ ಬೀಳಲಿಲ್ಲ ಅನ್ನುವುದಕ್ಕೂ ಕಾರಣ ಇಂಥದ್ದೇ. ಸಿಗ್ನಲ್ ಸ್ವಲ್ಪ ಹೊತ್ತಾದರೂ ಹದ್ದು ಮೀರಿ ನಿಂತರೆ ಮಾತ್ರ ಇಸಿಯು ಅದನ್ನು ಕಂಪ್ಲೇಂಟ್ ಅಂತ ಬರೆದುಕೊಳ್ಳುತ್ತದೆ. ಕ್ಷಣದಲ್ಲಿ ಬಿದ್ದು ಎದ್ದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಭಾವಮೈದನ ಕೈ ಸ್ಕ್ಯಾನರಿಗೂ ಇದೇ ಕಥೆ. ಸ್ಕ್ರೀನ್ ದೊಡ್ಡದು, ಎಬಿಎಸ್ ಕೋಡ್ ಕೂಡ ಓದುತ್ತದೆ, ಬೆಲೆ ಅಡಾಪ್ಟರಿನ ಎಷ್ಟೋ ಪಟ್ಟು. ಆದರೆ ಓದುವುದು ಅದೇ ಕೆ-ಲೈನಿನಿಂದ ತಾನೇ? "ಭಾವ, ಇದಕ್ಕೆ ಕಾಣಲಿಲ್ಲ ಅಂದ್ರೆ ಸೆನ್ಸರ್ ಸರಿ ಇದೆ ಅಂತಲೇ ಅರ್ಥ" ಅಂದ. ನಾನು ಒಪ್ಪಲಿಲ್ಲ.

ಮುಂದೆ ಮೀಟರುಗಳ ಕಡೆ ಬಂದೆ. ಎರಡಕ್ಕೂ ಪೂರ್ವಸಿದ್ಧತೆ ಒಂದೇ. ಸೆನ್ಸರಿನ ಕನೆಕ್ಟರ್ ಸಿಕ್ಕಿಸಿಯೇ ಇರಬೇಕು, ಇಗ್ನಿಷನ್ ಆನ್, ಎಂಜಿನ್ ಆಫ್. ಕನೆಕ್ಟರಿನ ಹಿಂದುಗಡೆ, ವೈರಿನ ಪಕ್ಕದಲ್ಲೇ ತೆಳು ಗುಂಡುಸೂಜಿಯನ್ನು ಒಳಗಿನ ಪಿನ್ನಿಗೆ ತಾಗುವವರೆಗೆ ಮೆಲ್ಲಗೆ ತೂರಿಸಿ, ಅದಕ್ಕೆ ಮೀಟರಿನ ಪ್ರೋಬ್ ಹಿಡಿಯಬೇಕು. ವೈರಿನ ಮೇಲಿನ ಪ್ಲಾಸ್ಟಿಕ್ಕಿಗೆ ಮಾತ್ರ ಸೂಜಿ ಚುಚ್ಚಬೇಡಿ. ಮಳೆಗಾಲದಲ್ಲಿ ಆ ತೂತಿನಿಂದ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಎರಡು ಸೂಜಿ ಒಂದಕ್ಕೊಂದು ತಾಗಲೂಬಾರದು. ಯಾವ ವೈರ್ ಯಾವುದು ಅಂತ ಬಣ್ಣ ನೋಡಿ ಹೇಳಲಾಗದು, ಕಾರಿನಿಂದ ಕಾರಿಗೆ ಬೇರೆ. ಮೂರನ್ನೂ ಬ್ಯಾಟರಿ ನೆಗೆಟಿವ್ ಜೊತೆ ಅಳೆದು ನೋಡಿ. 5 ತೋರಿಸುವುದು ಸಪ್ಲೈ, ಸೊನ್ನೆ ತೋರಿಸುವುದು ಅರ್ತ್, ಆಕ್ಸಿಲರೇಟರ್ ಒತ್ತಿದಂತೆ ಏರುವುದು ಸಿಗ್ನಲ್.

ಈ ಹಂತದಲ್ಲಿ ಡಿಜಿಟಲ್ ಮೀಟರನ್ನು ಮೀರಿಸಿದ್ದಿಲ್ಲ. ಸಪ್ಲೈ 4.98 ಇದೆಯೋ 4.6 ಇದೆಯೋ ಅನ್ನೋದನ್ನ ಅದು ಕರಾರುವಾಕ್ಕಾಗಿ ಹೇಳುತ್ತದೆ. ಇದು ಮುಖ್ಯ. 5 ವೋಲ್ಟ್ ಲೈನನ್ನು ಎಷ್ಟೋ ಕಾರುಗಳಲ್ಲಿ ಬೇರೆ ಸೆನ್ಸರುಗಳೂ ಹಂಚಿಕೊಳ್ಳುತ್ತವೆ. ಅಲ್ಲೇ ಕಡಿಮೆ ಇದ್ದರೆ ಥ್ರಾಟಲ್ ಸೆನ್ಸರ್ ಬದಲಾಯಿಸಿ ಸುಮ್ನೆ ದುಡ್ಡು ದಂಡ. ಅರ್ತ್ ವೈರಿನಲ್ಲೂ 0.1 ವೋಲ್ಟಿಗಿಂತ ಜಾಸ್ತಿ ಇರಬಾರದು. ನನ್ನದರಲ್ಲಿ ಎರಡೂ ಸರಿ ಇದ್ದವು.

ಆಮೇಲೆ ಸಿಗ್ನಲ್ ವೈರಿಗೆ ಬಂದರೆ ಡಿಜಿಟಲ್ ಕೈಕೊಟ್ಟಿತು. ಮಾಮೂಲಿ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆದು ಅಂಕಿ ಬದಲಾಯಿಸುತ್ತದೆ. ಪೆಡಲ್ ಒತ್ತುತ್ತಾ ಹೋದರೆ ಅಂಕಿಗಳು ಓಡುತ್ತವೆ, ಓಡುವ ಅಂಕಿಯಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅತಿ ಕಡಿಮೆ, ಅತಿ ಜಾಸ್ತಿ ಅಳತೆಯನ್ನು ಹಿಡಿದಿಡುವ ಮಿನ್-ಮ್ಯಾಕ್ಸ್ ಬಟನ್ ಇರುವ ಒಳ್ಳೇ ಮೀಟರುಗಳು ಇವೆ, ನನ್ನ ಬಜೆಟ್ಟಿಗೆ ಅವು ಜಾಸ್ತಿಯೇ.

ಮುಳ್ಳಿನ ಮೀಟರ್ ಹೇಳಿದ್ದು ನಮ್ಮ ಬೀದಿಯಲ್ಲಿ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರು. "ವಾಲ್ಯೂಮ್ ಕಂಟ್ರೋಲ್ ಕರಕರ ಅಂತಿದ್ರೆ ನಾವು ಮುಳ್ಳಲ್ಲೇ ನೋಡೋದು ಕಣಪ್ಪ" ಅಂದರು. ಅಂಗಡಿಯವರು ಮಾತ್ರ, "ಡಿಜಿಟಲ್ ತಗೊಳ್ಳಿ ಸಾರ್, ಇದನ್ನ ಈಗ ಯಾರ್ ಕೇಳ್ತಾರೆ" ಅನ್ನುತ್ತಲೇ ಮೇಲಿನ ಶೆಲ್ಫಿನಿಂದ ಧೂಳು ಒರೆಸಿ ಕೊಟ್ಟರು.

ಸಂಜೆ ಆಫೀಸಿನಿಂದ ಬಂದ ಕೂಡಲೇ, ಎಂಜಿನ್ ಬಿಸಿ ಇರುವಾಗಲೇ ಬಾನೆಟ್ ಎತ್ತಿದೆ. ನನ್ನ ಕಾರಿನಲ್ಲಿ ಬೆಳಿಗ್ಗೆ ತಣ್ಣಗಿದ್ದಾಗ ಜರ್ಕ್ ಕಡಿಮೆ ಇರುತ್ತಿತ್ತು, ಅದಕ್ಕೇ ಬಿಸಿಯಲ್ಲೇ ನೋಡಬೇಕಿತ್ತು. 10 ವೋಲ್ಟ್ ರೇಂಜಿಗೆ ಇಟ್ಟು, ಕೆಂಪು ಪ್ರೋಬ್ ಸಿಗ್ನಲ್ಲಿಗೆ, ಕಪ್ಪು ಅರ್ತಿಗೆ. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು ಪೆಡಲನ್ನು ಆದಷ್ಟು ನಿಧಾನವಾಗಿ ಒತ್ತುತ್ತಾ ಬಂದಳು. ಮುಳ್ಳು ಅರ್ಧ ವೋಲ್ಟಿನಿಂದ ಎದ್ದಿತು. ಒಂದು ವೋಲ್ಟಿನ ಹತ್ತಿರ ಬಂದದ್ದೇ, ಪಟ್ ಅಂತ ಎಡಕ್ಕೆ ನಡುಗಿ ಮತ್ತೆ ಮೇಲೆ ಹೋಯಿತು. ಆಮೇಲೆ ನಾಲ್ಕರವರೆಗೂ ಒಂದು ಅಲುಗಾಟ ಇಲ್ಲ. ವಾಪಸ್ ಬರುವಾಗ ಅದೇ ಜಾಗದಲ್ಲಿ ಮತ್ತೆ ನಡುಕ. "ಇನ್ನೊಂದ್ಸಲ ಒತ್ಲಾ?" ಅಂದಳು. ಒತ್ತಿದಾಗಲೆಲ್ಲ ಅಲ್ಲೇ.

ಮುಳ್ಳಿಗೂ ತೂಕ ಇದೆ, ಅದು ಸೊನ್ನೆವರೆಗೆ ಬೀಳುವುದಿಲ್ಲ. ನಿಖರ ಅಂಕಿಯನ್ನೂ ಕೊಡುವುದಿಲ್ಲ. ಆದರೆ ಅದು ಮಧ್ಯೆ ಮಧ್ಯೆ ನಿಂತು ಅಳೆಯುವ ಯಂತ್ರವಲ್ಲ, ಕರೆಂಟ್ ಹರಿಯುವಷ್ಟು ಹೊತ್ತೂ ಅದಕ್ಕೆ ತಾಗುತ್ತಿರುತ್ತದೆ. ಹಾಗಾಗಿ ತಪ್ಪಿಸಿಕೊಳ್ಳಲು ಸಂದು ಇಲ್ಲ. ಕನೆಕ್ಟರಿನ ಹತ್ತಿರ ವೈರನ್ನೂ ಅಲ್ಲಾಡಿಸಿ ನೋಡಿದೆ, ಮುಳ್ಳು ಕದಲಲಿಲ್ಲ. ಅಂದಮೇಲೆ ವೈರಿಂಗ್ ಅಲ್ಲ, ಸೆನ್ಸರೇ.

ಎರಡು ಎಚ್ಚರಿಕೆ. ಕನೆಕ್ಟರ್ ಸಿಕ್ಕಿಸಿ ಇಗ್ನಿಷನ್ ಆನ್ ಇರುವಾಗ ಮೀಟರನ್ನು ರೆಸಿಸ್ಟೆನ್ಸ್ ಅಳೆಯುವ ಓಮ್ಸ್‌ಗೆ ತಿರುಗಿಸಬೇಡಿ. ಇದೇ ಮೀಟರನ್ನು ಆಕ್ಸಿಜನ್ ಸೆನ್ಸರಿಗೂ ಹಿಡಿಯಬೇಡಿ. ಅದರ ಸಿಗ್ನಲ್ ತೀರಾ ನಾಜೂಕು, ಮುಳ್ಳನ್ನು ಎತ್ತುವ ಶಕ್ತಿ ಅದಕ್ಕಿಲ್ಲ, ತಪ್ಪು ಲೆಕ್ಕ ಬರುತ್ತದೆ.

ಮುಳ್ಳಿನ ಮೀಟರಿನ ಇನ್ನೊಂದು ಲಾಭ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗೊತ್ತಾಯಿತು. ನನ್ನ ಕಾರಿಗೆ ಸೆನ್ಸರ್ ಬಿಡಿಯಾಗಿ ಸಿಗುತ್ತದೆ. ಮೀಟರನ್ನು ಜೊತೆಗೇ ಒಯ್ದಿದ್ದೆ. ಓಮ್ಸ್‌ಗೆ ಇಟ್ಟು, ಸಿಗ್ನಲ್ ಪಿನ್ನಿಗೂ ಅರ್ತ್ ಪಿನ್ನಿಗೂ ಪ್ರೋಬ್ ಹಿಡಿದು, ಹೊಸ ಸೆನ್ಸರನ್ನು ಕೌಂಟರಿನ ಮೇಲೇ ಬೆರಳಿನಿಂದ ತಿರುಗಿಸಿದೆ. ಮೊದಲು ಕೊಟ್ಟ ಅಗ್ಗದ್ದರಲ್ಲಿ ಮುಳ್ಳು ಎರಡು ಕಡೆ ತಡವರಿಸಿತು. ಎರಡನೆಯದು ಬೆಣ್ಣೆ. ಅಂಗಡಿಯವರು ತಾವೇ ತಿರುಗಿಸಿ ನೋಡಿ, "ಇದನ್ನೇ ತಗೊಂಡ್ಹೋಗಿ ಅಣ್ಣ" ಅಂದರು. ಹಾಕಿದ ಮೇಲೆ ಜರ್ಕ್ ಹೋಯಿತು. ಸ್ಕ್ರೂ ತೂತು ಉದ್ದಕ್ಕಿರುವ ಸೆನ್ಸರ್ ಆದರೆ, ಥ್ರಾಟಲ್ ಮುಚ್ಚಿದಾಗಿನ ವೋಲ್ಟೇಜನ್ನು ಕಾರಿನ ಮ್ಯಾನುಯಲ್‌ನಲ್ಲಿ ಹೇಳಿದಷ್ಟಕ್ಕೆ ಹೊಂದಿಸಿ ಬಿಗಿ ಮಾಡಬೇಕು. ಆ ಹೊಂದಾಣಿಕೆಗೆ ಡಿಜಿಟಲ್ ಮೀಟರೇ ಬೇಕು.

ಹಾಗಾಗಿ ನನ್ನ ಲೆಕ್ಕದಲ್ಲಿ ಎರಡು ಮೀಟರಿಗೂ ಸೇರಿ ಆಗುವ ಖರ್ಚು, ಒಂದು ಕೈ ಸ್ಕ್ಯಾನರಿನ ಬೆಲೆಯ ಒಂದು ಪಾಲು ಮಾತ್ರ. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಸಮಾಧಾನವಾಗಿ ಕೂರುವ ಅಭ್ಯಾಸ ನನಗಿದೆ, ಸೂಜಿ ತೂರಿಸುವ ತಾಳ್ಮೆಯೂ ಇದೆ. ಕೈ ಮಸಿ ಮಾಡಿಕೊಳ್ಳಲು ಇಷ್ಟವಿಲ್ಲದವರಿಗೆ ಅಡಾಪ್ಟರೇ ವಾಸಿ. ಅದನ್ನು ಬಳಸಿದ ಮೇಲೆ ಸಾಕೆಟ್ಟಿನಿಂದ ಕಿತ್ತಿಡಿ. ಅಲ್ಲಿನ 16ನೇ ಪಿನ್ನಿಗೆ ಬ್ಯಾಟರಿ ಕರೆಂಟ್ ಯಾವಾಗಲೂ ಬರುತ್ತಿರುತ್ತದೆ, ವಾರಗಟ್ಟಲೆ ನಿಂತ ಗಾಡಿಯಲ್ಲಿ ಬ್ಯಾಟರಿ ಇಳಿದುಹೋಗಬಹುದು.

ಭಾವಮೈದನ ಕಾರಿನ ವಿಷಯ ಬೇರೆ. ಅವನದು ಬಿಎಸ್-6, ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್. ಅದರಲ್ಲಿ ಥ್ರಾಟಲ್‌ಗೆ ಎರಡು ಸೆನ್ಸರ್, ಪೆಡಲ್‌ಗೆ ಬೇರೆ. ಎಷ್ಟೋ ಕಾರುಗಳಲ್ಲಿ ಅವು ಉಜ್ಜಿಕೊಂಡು ಓಡುವಂಥವೇ ಅಲ್ಲ, ಸವೆಯುವ ಕಾರ್ಬನ್ ಪಟ್ಟಿಯೇ ಇರುವುದಿಲ್ಲ. ಎರಡು ಸೆನ್ಸರಿನ ಮಾತು ಒಂದಕ್ಕೊಂದು ತಾಳೆಯಾಗದಿದ್ದರೆ ಪಿ 2135 ಅಂತ ಕೋಡ್ ಬೀಳುತ್ತದೆ. ಕ್ಯಾನ್ ಲೈನ್ ವೇಗವಾಗಿರುವುದರಿಂದ ಲೈವ್ ಡೇಟಾದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಅಲ್ಲಿ ಅವನ ಸ್ಕ್ಯಾನರೇ ಸರಿ. ಅಂಥ ಕಾರಿನಲ್ಲಿ ಇಗ್ನಿಷನ್ ಆನ್ ಇಟ್ಟು ಥ್ರಾಟಲ್ ತಟ್ಟೆಗೆ ಬೆರಳು ಹಾಕಬೇಡಿ. ಒಳಗಿನ ಮೋಟರ್ ಯಾವಾಗ ಬೇಕಾದರೂ ತಟ್ಟೆಯನ್ನು ತಿರುಗಿಸಬಹುದು, ಬೆರಳು ಜಜ್ಜಿಹೋಗುತ್ತದೆ.