ಟ್ರೈಕೋಡರ್ಮಾ ಟಾಲ್ಕ್ ಪುಡಿ (1 ಕೆ.ಜಿ.): ತೊಗರಿಯ ನೆಟೆ ರೋಗಕ್ಕೆ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ತೊಗರಿ ಹೂ ಬಿಡುವ ಹೊತ್ತಿಗೆ ಹೊಲದಲ್ಲಿ ಅಲ್ಲಲ್ಲಿ ಗಿಡ ನೆಟೆ ಹೋಗುತ್ತವೆ, ಅಂದರೆ ಬಾಡಿ ಒಣಗುತ್ತವೆ. ಆಗ ಅಂಗಡಿಗೆ ಓಡಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪ್ಯಾಕೆಟ್ ತಂದು ಬುಡಕ್ಕೆ ಸುರಿದವರು ಹದಿನೈದು ದಿನ ಕಾದು ‘ಬರೀ ಸುಣ್ಣದ ಹಿಟ್ಟು’ ಎಂದು ಕೈಬಿಡುತ್ತಾರೆ. ಅವರ ಹೊಲದಲ್ಲಿ ಪುಡಿ ಕೆಲಸ ಮಾಡಲಿಲ್ಲ ಎಂಬುದು ನಿಜವೇ. ಆದರೆ ಅಕ್ಟೋಬರಿನಲ್ಲಿ ಸುರಿದ ಪುಡಿಗೆ ಕೆಲಸ ಮಾಡುವ ದಾರಿಯೇ ಉಳಿದಿರುವುದಿಲ್ಲ. ಅದಕ್ಕೆ ಕಾರಣ ಬೇರಿನೊಳಗಿನ ಪ್ರೋಟೀನುಗಳಲ್ಲಿದೆ. ಅದನ್ನು ತಿಳಿಯದೆ ಈ ಪುಡಿಗೆ ಅಂಕ ಹಾಕಿದರೆ ಅನ್ಯಾಯವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಟ್ರೈಕೋಡರ್ಮಾ ವಿರಿಡೆ ಅಥವಾ ಹಾರ್ಜಿಯಾನಮ್ ಪುಡಿಯ ಬಗ್ಗೆ. ಚೀಟಿಯ ಮೇಲೆ 1% ಡಬ್ಲ್ಯುಪಿ (ನೀರಿಗೆ ಬೆರೆಯುವ ಪುಡಿ) ಎಂದಿರುತ್ತದೆ. ಒಳಗೆ ಬಹುಪಾಲು ಟಾಲ್ಕ್ ಎಂಬ ನುಣುಪು ಕಲ್ಲಿನ ಪುಡಿ. ಅದರಲ್ಲಿ ಗ್ರಾಂಗೆ ಕನಿಷ್ಠ 20 ಲಕ್ಷ (2×10⁶) ಜೀವಂತ ಕಣಗಳಿರಬೇಕು. ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ಈ ಸಂಖ್ಯೆ, ಆಮೇಲೆ ತಯಾರಾದ ದಿನಾಂಕ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಕೊಡಿ.

ಈಗ ಬೇರಿನ ಕಡೆ ಬರೋಣ. ನೆಟೆ ರೋಗ ತರುವ ಶಿಲೀಂಧ್ರ ಫ್ಯುಸೇರಿಯಂ ಉಡಮ್ ಮಣ್ಣಿನಲ್ಲಿದ್ದು, ಎಳೆ ಬೇರಿನಿಂದ ಒಳಹೊಕ್ಕು, ನೀರು ಸಾಗುವ ನಾಳ ಸೇರುತ್ತದೆ. ಕಾಂಡದ ತೊಗಟೆ ಸೀಳಿದಾಗ ಕಾಣುವ ಕಂದುಗಪ್ಪು ಗೆರೆ ಆ ನಾಳದ್ದೇ. ಈ ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಇದೆ, ಗಿಡದಲ್ಲಿ ಅದು ಇಲ್ಲ. ಹಾಗಾಗಿ ಕೈಟಿನ್ ಚೂರು ಎಲ್ಲಿ ತಾಗಿದರೂ ಹೊರಗಿನವನು ಬಂದ ಎಂದು ಗಿಡಕ್ಕೆ ತಿಳಿಯುತ್ತದೆ. ಅದನ್ನು ಹಿಡಿಯುವುದು ಜೀವಕೋಶದ ಪೊರೆಯಲ್ಲಿ ಕೂತಿರುವ ಗ್ರಾಹಕ ಪ್ರೋಟೀನು. ಕೆಲವೇ ನಿಮಿಷಗಳಲ್ಲಿ ಆ ಜಾಗದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಏಳುತ್ತದೆ, ಮುಂದಿನ ಗಂಟೆಗಳಲ್ಲಿ ರಕ್ಷಣಾ ಪ್ರೋಟೀನುಗಳ ತಯಾರಿ ಶುರುವಾಗುತ್ತದೆ.

ಅವುಗಳಲ್ಲಿ ಮುಖ್ಯವಾದವು ಎರಡು ಕಿಣ್ವಗಳು: ಕೈಟಿನ್ ಕತ್ತರಿಸುವ ಕೈಟಿನೇಸ್ ಮತ್ತು ಶಿಲೀಂಧ್ರದ ಗೋಡೆಯ ಇನ್ನೊಂದು ವಸ್ತುವಾದ ಗ್ಲುಕಾನ್ ಕತ್ತರಿಸುವ ಬೀಟಾ-1,3-ಗ್ಲುಕನೇಸ್. ಇವು ಜೋಡೆತ್ತಿನ ಹಾಗೆ. ಬಟಾಣಿಯಿಂದ ತೆಗೆದ ಈ ಎರಡನ್ನೂ 1988ರಲ್ಲಿ ಹಲವು ಶಿಲೀಂಧ್ರಗಳ ಮೇಲೆ ಹಾಕಿ ನೋಡಿದಾಗ, ಒಂಟಿಯಾಗಿ ಬಹುತೇಕ ಯಾವುದನ್ನೂ ತಡೆಯದ ಕಿಣ್ವಗಳು ಒಟ್ಟಾದಾಗ ಹೆಚ್ಚಿನವುಗಳ ಬೆಳವಣಿಗೆಯನ್ನು ನಿಲ್ಲಿಸಿದ್ದವು. ಏಟು ಬೀಳುವುದು ಶಿಲೀಂಧ್ರದ ಎಳೆಯ ತುದಿಗೆ, ಅಲ್ಲಿ ಗೋಡೆ ಇನ್ನೂ ಹಸಿ. ಇದರ ಜೊತೆಗೆ ಪಾಲ್ ಎಂದು ಕರೆಯುವ ಕಿಣ್ವ (ಫಿನೈಲ್‌ಅಲನಿನ್ ಅಮೋನಿಯ ಲಯೇಸ್) ಫಿನಾಲುಗಳಿಗೆ ಕಚ್ಚಾವಸ್ತು ಒದಗಿಸುತ್ತದೆ, ಪೆರಾಕ್ಸಿಡೇಸ್ ಅವನ್ನು ಹೆಣೆದು ಲಿಗ್ನಿನ್ (ಮರಕ್ಕೆ ಗಡಸುತನ ಕೊಡುವ ವಸ್ತು) ಮಾಡಿ ಬೇರಿನ ಗೋಡೆಯನ್ನು ಗಟ್ಟಿಗೊಳಿಸುತ್ತದೆ.

ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ಟೊಮೆಟೊ ಸೊರಗು ರೋಗದ ಫ್ಯುಸೇರಿಯಂ ಎರಡು ಪ್ರೋಟಿಯೇಸ್‌ಗಳನ್ನು (ಪ್ರೋಟೀನು ಕತ್ತರಿಸುವ ಕಿಣ್ವಗಳು) ಹೊರಬಿಟ್ಟು ಗಿಡದ ಕೈಟಿನೇಸ್ ಅನ್ನೇ ತುಂಡರಿಸುತ್ತದೆ ಎಂಬುದು ಪ್ರಯೋಗದಲ್ಲಿ ಸಾಬೀತಾಗಿದೆ. ಹೀಗಾಗಿ ಗಿಡದ ಬಳಿ ಪ್ರೋಟೀನು ಇದ್ದರೆ ಸಾಲದು, ಅದು ಬೇಗ ಬರಬೇಕು, ಸಾಕಷ್ಟು ಬರಬೇಕು. ತಡವಾದರೆ ಗಿಡದ ರಕ್ಷಣೆಯೇ ಗಿಡಕ್ಕೆ ಮುಳುವು. ಶಿಲೀಂಧ್ರ ಮೇಲೇರದಂತೆ ನಾಳದೊಳಗೆ ಅಂಟು ತುಂಬಿ ಮುಚ್ಚುತ್ತಾ ಹೋದರೆ ಎಲೆಗೆ ನೀರು ಏರುವುದೂ ನಿಲ್ಲುತ್ತದೆ. ಹೂ-ಕಾಯಿ ಹೊತ್ತಿನಲ್ಲಿ ಬಾಡಿದ ಗಿಡದ ಸ್ಥಿತಿ ಇದೇ. ಅದರ ಬುಡಕ್ಕೆ ಏನು ಸುರಿದರೂ ಮುಚ್ಚಿದ ನಾಳ ಮತ್ತೆ ತೆರೆಯದು.

ಟ್ರೈಕೋಡರ್ಮಾ ಇಲ್ಲಿ ಮಾಡುವುದು ಎರಡು ಕೆಲಸ. ಮಣ್ಣಿನಲ್ಲಿ ಫ್ಯುಸೇರಿಯಂ ಎಳೆಗೆ ಸುತ್ತಿಕೊಂಡು ತನ್ನದೇ ಕೈಟಿನೇಸ್‌ನಿಂದ ಅದನ್ನು ಕರಗಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಅದಕ್ಕಿಂತ ಬೆಲೆಬಾಳುವುದು ಎರಡನೆಯದು: ಬೇರಿನ ಹೊರಗಿನ ಕೆಲವು ಪದರಗಳಲ್ಲಿ ಮಾತ್ರ ನೆಲೆಸಿ, ಚಿಕ್ಕ ಪ್ರೋಟೀನುಗಳನ್ನು ಬಿಟ್ಟು, ಗಿಡವನ್ನು ಮುಂಚಿತವಾಗಿ ಎಚ್ಚರಿಸುವುದು. ಹೀಗೆ ಎಚ್ಚೆತ್ತ ಬೇರಿಗೆ ಫ್ಯುಸೇರಿಯಂ ತಾಗಿದರೆ ಕೈಟಿನೇಸ್, ಗ್ಲುಕನೇಸ್, ಪೆರಾಕ್ಸಿಡೇಸ್ ಮೂರೂ ಬೇಗ ಏರುತ್ತವೆ. ಆದ್ದರಿಂದ ಪುಡಿ ಬೇರಿಗೆ ಮೊದಲು ತಲುಪಬೇಕು, ರೋಗ ಆಮೇಲೆ. ಬಿತ್ತುವ ಮುಂಚೆ ಬಳಸಿದರೆ ಈ ಪುಡಿಗೆ 5ಕ್ಕೆ 4 ಅಂಕ ಕೊಡಬಹುದು. ಗಿಡ ಬಾಡಿದ ಮೇಲೆ ಬಳಸಿದರೆ ಸೊನ್ನೆ.

ಬಳಸುವ ಕ್ರಮ ಹೀಗೆ. ಬೀಜೋಪಚಾರಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ. ಎಕರೆಗೆ 5 ಕಿಲೋ ತೊಗರಿ ಬಿತ್ತಿದರೆ 20 ಗ್ರಾಂ ಸಾಕು. ತಣಿದ ತೆಳು ಗಂಜಿ ಅಥವಾ ಬೆಲ್ಲದ ನೀರು ಚಿಮುಕಿಸಿ, ಪುಡಿ ಹಾಕಿ, ಕೈಯಲ್ಲಿ ಉಜ್ಜದೆ ಹಗುರವಾಗಿ ತಿರುವಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ ಅಂದೇ ಬಿತ್ತಬೇಕು. ಉಳಿದ ಪುಡಿ ಮಣ್ಣಿಗೆ: 1 ಕಿಲೋ ಪುಡಿಯನ್ನು ಚೆನ್ನಾಗಿ ಕಳಿತ 100 ಕಿಲೋ ತಿಪ್ಪೆಗೊಬ್ಬರಕ್ಕೆ ಬೆರೆಸಿ, ಸಿಕ್ಕಿದರೆ ಸ್ವಲ್ಪ ಬೇವಿನ ಹಿಂಡಿಯನ್ನೂ ಸೇರಿಸಿ, ಹಿಡಿದರೆ ಉಂಡೆಯಾಗುವಷ್ಟು ತೇವ ಮಾಡಿ, ನೆರಳಲ್ಲಿ ಹಸಿ ಗೋಣಿಚೀಲ ಹೊದಿಸಿಡಿ. ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿದರೆ ಹದಿನೈದು ದಿನದಲ್ಲಿ ಹಸಿರು ಬೂಷ್ಟು ಹಬ್ಬಿರುತ್ತದೆ. ಅದನ್ನು ಒಂದು ಎಕರೆಯ ಬಿತ್ತುವ ಸಾಲುಗಳಿಗೆ ಹಾಕಬೇಕು. ಹಸಿ ಸಗಣಿಗೆ ಬೆರೆಸಿದರೆ ಅದು ಕಳಿಯುವಾಗಿನ ಕಾವಿಗೆ ಟ್ರೈಕೋಡರ್ಮಾ ಸಾಯುತ್ತದೆ.

ಪುಡಿ ಕೆಡುವುದು ಹೆಚ್ಚಾಗಿ ಬಿಸಿಲಿಗೆ. ಕಲಬುರಗಿಯ ಮೇ ತಿಂಗಳಲ್ಲಿ ತಗಡಿನ ಮಾಡಿನ ಗೋದಾಮಿನಲ್ಲಿ ಬಿದ್ದಿದ್ದ ಪ್ಯಾಕೆಟ್ಟಿನ ಚೀಟಿಯಲ್ಲಿ 20 ಲಕ್ಷ ಎಂದಿದ್ದರೂ ಒಳಗೆ ಉಳಿದಿರುವುದು ಎಷ್ಟೋ. ಪರೀಕ್ಷೆ ಸುಲಭ. ಎರಡು ಹಿಡಿ ಜೋಳವನ್ನು ಅರೆಬೇಯಿಸಿ, ನೀರು ಬಸಿದು, ಬಿಸಿಯಿರುವಾಗಲೇ ಎರಡು ಶುದ್ಧ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಮಡಚಿ. ತಣಿದ ಮೇಲೆ ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಹಾಕಿ. ಜೀವ ಇದ್ದರೆ ಎರಡು ದಿನದಲ್ಲಿ ಬಿಳಿ ಎಳೆ, ನಾಲ್ಕೈದು ದಿನದಲ್ಲಿ ಹಸಿರು. ಪುಡಿ ಹಾಕದ ಚೀಲವೂ ಹಸಿರಾದರೆ ಅದು ಬೇರೆ ಬೂಷ್ಟು, ಪರೀಕ್ಷೆ ಮತ್ತೆ ಮಾಡಬೇಕು. ಪುಡಿ ಹಾಕಿದ್ದು ಕಪ್ಪಾದರೆ ಪ್ಯಾಕೆಟ್ಟಿನಲ್ಲೇ ಕಲಬೆರಕೆ ಇದೆ ಎಂದು ಅನುಮಾನಿಸಬೇಕು.

ಇನ್ನೊಂದು ಸಾಮಾನ್ಯ ತಪ್ಪು, ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಹಚ್ಚಿದ ಬೀಜಕ್ಕೇ ಟ್ರೈಕೋಡರ್ಮಾ ಹಚ್ಚುವುದು. ಟ್ರೈಕೋಡರ್ಮಾ ಸಹ ಶಿಲೀಂಧ್ರವೇ, ಕಾರ್ಬೆಂಡಜಿಮ್ ಅದನ್ನೂ ಕೊಲ್ಲುತ್ತದೆ.

ಬಾಡಿದ ಗಿಡವೆಲ್ಲ ಫ್ಯುಸೇರಿಯಂನದ್ದಲ್ಲ. ನೀರು ನಿಂತ ಎರೆ ಹೊಲದಲ್ಲಿ ಎಳೆಯ ಗಿಡದ ಕಾಂಡದ ಮೇಲೆ ಕಂದು ಚುಕ್ಕೆ ಬಿದ್ದು ಅಲ್ಲೇ ಮುರಿದರೆ ಅದು ಫೈಟಾಫ್ತೊರಾ ಎಂಬ ಬೇರೆ ರೋಗಾಣುವಿನದ್ದು. ಅದರ ಗೋಡೆಯಲ್ಲಿರುವುದು ಮುಖ್ಯವಾಗಿ ಗ್ಲುಕಾನ್ ಮತ್ತು ಸೆಲ್ಯುಲೋಸ್, ಕೈಟಿನ್ ತೀರಾ ಕಡಿಮೆ. ಕೈಟಿನೇಸ್ ಅಲ್ಲಿ ಕತ್ತರಿಸುವುದಕ್ಕೆ ಏನೂ ಇಲ್ಲದ ಕತ್ತರಿ. ಅಂಥ ಹೊಲಕ್ಕೆ ಬಸಿಗಾಲುವೆ ಮತ್ತು ಮೆಟಲಾಕ್ಸಿಲ್ ಎಂಬ ಔಷಧಿಯ ಬೀಜೋಪಚಾರ ಬೇಕು. ಬಿಸಿಲು ಹೆಚ್ಚಿ ಮಣ್ಣು ಒಣಗಿದಾಗ ಗಿಡ ಕಿತ್ತರೆ ಬೇರು ಪಟ್ಟನೆ ಮುರಿದು ಬಂದರೆ ಅದು ಒಣ ಬೇರು ಕೊಳೆ. ಅಲ್ಲಿ ಪುಡಿಗಿಂತ ಮಣ್ಣಿನ ತೇವ ಉಳಿಸಿಕೊಳ್ಳುವುದು ಹೆಚ್ಚು ಮುಖ್ಯ.

ತಳಿಯ ವಿಷಯದಲ್ಲಿ ಪುಡಿಯ ಮೇಲೆ ಭಾರ ಹಾಕಬೇಡಿ. ನೆಟೆ ಬಂದ ಹೊಲಕ್ಕೆ ಮಾರುತಿ (ಐಸಿಪಿ 8863), ಟಿಎಸ್-3ಆರ್ ತರಹದ ನಿರೋಧಕ ತಳಿಯನ್ನೇ ಹಾಕಿ, ಪುಡಿಯನ್ನು ಅದರ ಜೊತೆಗೆ ಬಳಸಿ. ಶಿಲೀಂಧ್ರ ಹಳೆಯ ಬೇರು-ಕೂಳೆಯಲ್ಲಿ ಮೂರು ವರ್ಷದವರೆಗೂ ಉಳಿಯುವುದರಿಂದ ನಡುವೆ ಜೋಳದ ಬೆಳೆ ಬರುವುದು ಒಳ್ಳೆಯದು. ಒಡೆದ ಪ್ಯಾಕೆಟ್ ಉಳಿದರೆ ಬಾಯಿ ಬಿಗಿದು ತಂಪಾದ ನೆರಳಲ್ಲಿಡಿ. ಮುಂದಿನ ಮುಂಗಾರಿಗೆ ಅದನ್ನೇ ಬಳಸುವ ಯೋಚನೆ ಇದ್ದರೆ ಮೊದಲು ಜೋಳದ ಪರೀಕ್ಷೆ ಮಾಡಿ.